ಜೇಡಜ್ಜಿಯ ಮೊಮ್ಮಕ್ಕಳು

೧೮೯೫ನೆಯ ಇಸವಿ, ಜನವರಿ ೩ನೆಯ ತಾರೀಖು. ಅಮೆರಿಕದ ಪಶ್ಚಿಮ ತೀರದಲ್ಲಿ, ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನಡುವೆ ತಲೆಯೆತ್ತಿರುವ ಆಲ್ಕಟ್ರಾಜ್ ಎಂಬ ಬಂಡೆಗಲ್ಲಿನ ದ್ವೀಪಕ್ಕೆ ಹತ್ತೊಂಬತ್ತು ಮಂದಿ ಕೈದಿಗಳನ್ನು ತಂದು ಇಳಿಸಿದರು. ಆ ಕಾಲಕ್ಕೆ ಅದು ಸೈನ್ಯದ ಸೆರೆಮನೆ. ಆದರೆ ಬಂದವರು ಸೈನಿಕರಲ್ಲ. ಕಳ್ಳರಲ್ಲ, ಕೊಲೆಗಡುಕರಂತೂ ಅಲ್ಲವೇ ಅಲ್ಲ. ಮಳೆ ಅಪರೂಪವಾದ ಮರಳುನಾಡಿನಲ್ಲಿ ಮುಸುಕಿನ ಜೋಳ ಬೆಳೆದು ಬದುಕುತ್ತಿದ್ದ ಬಡ ರೈತರು. ತಮ್ಮ ಮಕ್ಕಳನ್ನು ಸರ್ಕಾರದ ಶಾಲೆಗೆ ಕಳುಹಿಸುವುದಿಲ್ಲವೆಂದೂ, ಸರ್ಕಾರ ಹೇಳಿದ ರೀತಿಯಲ್ಲಿ ಹೊಲಗಳನ್ನು ಹಂಚಿಕೊಳ್ಳುವುದಿಲ್ಲವೆಂದೂ ಹಟ ಹಿಡಿದುದೇ ಅವರ ಅಪರಾಧ. ಅವರ ಮುಖಂಡನ ಹೆಸರು ಲೊಮಾಹೊಂಗ್ಯೋಮ. ಕುಲ ಯಾವುದೆಂದು ಕೇಳಿದ್ದರೆ ಅವನು ‘ಜೇಡ’ ಎಂದು ಹೇಳುತ್ತಿದ್ದನು.

ನೆಲದಡಿಯ ಕತ್ತಲೆಯಲ್ಲಿ ಬಾಳಿದ ಜೇಡರ ಕುಲವೊಂದು ಮೇಲಣ ಲೋಕಕ್ಕೆ ಬಂದು, ಹಳೆಯ ಬಾಳನ್ನು ಬಿಡಲೂ ಆರದೆ ಹೊಸದನ್ನು ಹಿಡಿಯಲೂ ಆರದೆ ತೊಳಲುವುದು - ಇದು ಅದ್ಭುತ ಕಥೆಗಳನ್ನು ಹೆಣೆಯುವ ಕಾದಂಬರಿಕಾರನ ಕಲ್ಪನೆಯೆಂದು ವಾಚಕರು ಭಾವಿಸಿದರೆ ತಪ್ಪಲ್ಲ. ಪಾಶ್ಚಾತ್ಯ ದೇಶಗಳ ಮಕ್ಕಳೂ ದೊಡ್ಡವರೂ ಇಂಥ ಪಾತಾಳವಾಸಿಗಳ ಕಥೆಗಳನ್ನು ಆಸೆಯಿಂದ ಓದುತ್ತಾರೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ, ಅರಿಜೋನ ಪ್ರಾಂತದಲ್ಲಿ, ತಾವು ಭೂಮಿಯ ಒಡಲಿನಿಂದ ಹೊರಬಂದವರೆಂದೂ, ಹಾದಿ ತೋರಿದವಳು ಒಬ್ಬ ಜೇಡಜ್ಜಿಯೆಂದೂ ನಂಬಿರುವ ಜನಾಂಗವೊಂದು ನಿಜವಾಗಿಯೇ ಇದೆ. ಅವರೇ ಹೋಪಿಗಳು. ಅವರ ತೊಳಲಾಟ ಕಟ್ಟುಕಥೆಯದಲ್ಲ.

ಹೋಪಿಗಳ ನಾಡನ್ನು ನೋಡಿದವರಿಗೆ ಮೊದಲು ಕಾಣುವುದು ಮೂರು ಚಪ್ಪಟೆ ನೆತ್ತಿಯ ದಿಣ್ಣೆಗಳು. ಬಯಲಿನಿಂದ ನೂರಾರು ಅಡಿ ಕಡಿದಾಗಿ ಮೇಲೆದ್ದು ನಿಂತ ಬಂಡೆಯ ಬೆರಳುಗಳವು. ಅವುಗಳ ತುದಿಯಲ್ಲಿ, ಬಂಡೆಯ ಬಣ್ಣವನ್ನೇ ಹೊತ್ತು, ಕಲ್ಲಿನ ಮನೆಗಳ ಹಳ್ಳಿಗಳು. ವಾಲ್ಪಿ, ಶುಂಗೋಪವಿ, ಒರೈಬಿ ಮೊದಲಾದವು ಇವುಗಳ ಹೆಸರು. ಒರೈಬಿಯಂತೂ ಕ್ರಿಸ್ತಶಕ ಹನ್ನೆರಡನೆಯ ಶತಮಾನದಿಂದ ಜನವಾಸ ತಪ್ಪದೆ ಬಂದ ಊರು. ಅಮೆರಿಕದ ಅತ್ಯಂತ ಹಳೆಯ ಊರುಗಳಲ್ಲಿ ಒಂದೆಂದು ಅದರ ಖ್ಯಾತಿ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ವರ್ಷಕ್ಕೆ ಹತ್ತು ಅಂಗುಲ ಮಳೆಯಾದರೆ ಪುಣ್ಯ. ಹೋಪಿ ರೈತನು ಉಳುವುದಿಲ್ಲ. ಮೊನೆಯುಳ್ಳ ಕೋಲಿನಿಂದ ಮರಳಿನಲ್ಲಿ ಆಳವಾಗಿ ಗುಳಿ ತೋಡಿ, ತೇವ ಸಿಕ್ಕಿದ ಕಡೆ ಒಂದೇ ಗುಳಿಗೆ ಹತ್ತು ಹನ್ನೆರಡು ಕಾಳು ಹಾಕಿ ಮುಚ್ಚುತ್ತಾನೆ. ಅನಂತರದ್ದು ಮೋಡಗಳ ಕೆಲಸ. ಮೋಡಗಳನ್ನು ಕರೆಯುವುದೇ ಅವರ ಧರ್ಮದ ಮುಖ್ಯ ಕಾರ್ಯ.

ಜೊಂಡಿನ ಏಣಿ

ಹೋಪಿಗಳ ಸೃಷ್ಟಿಕಥೆಗೆ ಊರಿಗೊಂದು, ಕುಲಕ್ಕೊಂದು ಪಾಠವುಂಟು. ಎಲ್ಲಕ್ಕೂ ಸಮಾನವಾದ ಎಳೆಯನ್ನು ಹಿಡಿದರೆ ಕಥೆ ಹೀಗೆ ಸಾಗುತ್ತದೆ.

ಈಗಿನದು ನಾಲ್ಕನೆಯ ಲೋಕ. ಇದಕ್ಕೆ ಮುಂಚಿನ ಲೋಕಗಳು ಇದರ ಕೆಳಗೆ, ಒಂದರಡಿಯಲ್ಲಿ ಒಂದು. ಅಲ್ಲಿ ಮನುಷ್ಯರು ಮೊದಲು ಸುಖವಾಗಿದ್ದರು. ಬರಬರುತ್ತ ಜಗಳ, ಜೂಜು, ಮಾಟ, ಹಿರಿಯರ ಮಾತಿಗೆ ಅಸಡ್ಡೆ ಇವು ಹೆಚ್ಚಿದವು. ನೊಂದ ಕೆಲವು ಹಿರಿಯರಿಗೆ ಮೇಲುಗಡೆ ಯಾರೋ ನಡೆದಾಡುವ ಹೆಜ್ಜೆಯ ಸಪ್ಪಳ ಕೇಳಿಸಿತು. ಹಕ್ಕಿಗಳನ್ನು ಕಳುಹಿಸಿ ನೋಡಿಸಿದರು. ಆಕಾಶದಲ್ಲಿ ಒಂದು ಕಂಡಿಯಿತ್ತು. ಕಂಡಿಯಾಚೆ ಒಬ್ಬನು ಒಂಟಿಯಾಗಿ ಕುಳಿತಿದ್ದನು. ಅವನು ಮಾಸಾವ್, ಈ ನೆಲದ ಒಡೆಯ, ಮೃತ್ಯುವಿಗೂ ಅವನೇ ದೇವತೆ. ಬರುವುದಾದರೆ ಬನ್ನಿ, ಆದರೆ ಇಲ್ಲಿ ಬಡತನದ ಬಾಳು ಎಂದು ಅವನು ಹೇಳಿಕಳುಹಿಸಿದನು. ಮೇಲಕ್ಕೆ ಹೋಗಲು ಜೊಂಡನ್ನು ನೆಟ್ಟರು. ಹಾಡು ಹಾಡಿದಂತೆಲ್ಲ ಜೊಂಡು ಬೆಳೆಯಿತು, ಹಾಡು ನಿಂತಾಗ ಬೆಳೆಯುವುದೂ ನಿಂತಿತು. ಕೊನೆಗೆ ಅದರ ತುದಿ ಕಂಡಿಯನ್ನು ಹೊಕ್ಕಿತು. ಟೊಳ್ಳು ಜೊಂಡಿನೊಳಗೆ ಜನರು ಇರುವೆಗಳಂತೆ ಹತ್ತಿ ಹೊರಬಂದರು. ಈ ಎಲ್ಲ ಸಂದರ್ಭಗಳಲ್ಲಿಯೂ ಬಳಿಯಿದ್ದು ಬುದ್ಧಿ ಹೇಳಿದವಳು ಕೋಕ್ಯಾಂಗ್ ಸೋವೂತಿ, ಎಂದರೆ ಜೇಡಜ್ಜಿ.

ಮೇಲೆ ಬಂದವರಿಗೆ ಅಣಕುಹಕ್ಕಿಯು ಒಂದೊಂದು ಗುಂಪಿಗೆ ಒಂದೊಂದು ಭಾಷೆಯನ್ನು ಹಂಚಿತು. ಜೋಳದ ತೆನೆಗಳನ್ನು ಮುಂದಿಟ್ಟು ಆರಿಸಿಕೊಳ್ಳಿರೆಂದಾಗ ಇತರರು ದೊಡ್ಡ ತೆನೆಗಳಿಗೆ ಕೈಚಾಚಿದರು. ಹೋಪಿಗಳ ಪಾಲಿಗೆ ಉಳಿದುದು ಗಿಡ್ಡನೆಯ ನೀಲಿ ತೆನೆ. ಕಷ್ಟದ ಬಾಳು, ಆದರೆ ಬಹುಕಾಲ ಬಾಳುವಂಥದು ಎಂಬುದು ಅದರ ಅರ್ಥ. ಇದೇ ಕಥೆಯಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಹೊರಬಂದ ಕೆಲವು ದಿನಗಳಲ್ಲಿಯೇ ಮುಖಂಡನ ಮಗು ಸತ್ತಿತು. ಕೆಳಗಿನ ಲೋಕದಲ್ಲಿ ಬಿಟ್ಟು ಬಂದೆವೆಂದುಕೊಂಡಿದ್ದ ಕೇಡಿಗನೊಬ್ಬನು ಗುಂಪಿನಲ್ಲಿ ಸೇರಿ ಬಂದುಬಿಟ್ಟಿದ್ದನು. ಅವನನ್ನು ಕೊಲ್ಲಲು ಹೊರಟಾಗ, ‘ಕಂಡಿಯಲ್ಲಿ ಬಗ್ಗಿ ನೋಡಿ’ ಎಂದನಂತೆ. ಬಗ್ಗಿ ನೋಡಿದರೆ ಸತ್ತ ಮಗು ಕೆಳಗಿನ ಲೋಕದಲ್ಲಿ ಬೇರೆ ಮಕ್ಕಳೊಡನೆ ಆಡುತ್ತಿತ್ತು. ಹೋಪಿಗಳ ಪಾತಾಳ ನರಕವಲ್ಲ, ತವರುಮನೆ.

ನಮ್ಮ ಭಾಷೆಯಲ್ಲಿ ‘ಜೇಡ’ ಎಂದರೆ ಬಲೆ ಹೆಣೆಯುವ ಹುಳುವೂ ಹೌದು, ಬಟ್ಟೆ ನೇಯುವವನೂ ಹೌದು. ಜೇಡರ ದಾಸಿಮಯ್ಯನ ಹೆಸರನ್ನು ನೆನೆದರೆ ಸಾಕು. ಹೋಪಿಗಳ ಭಾವನೆಯಲ್ಲಿಯೂ ಇವೆರಡೂ ದೂರವಲ್ಲ. ಅವರಲ್ಲಿ ನೇಯುವವರು ಗಂಡಸರು. ಮದುವೆಯಾದ ಹುಡುಗಿಯು ಅತ್ತೆಯ ಮನೆಯಲ್ಲಿ ದಿನಗಟ್ಟಲೆ ಜೋಳ ಬೀಸುತ್ತಿದ್ದರೆ, ಗಂಡಿನ ಕಡೆಯ ಗಂಡಸರು ಅವಳಿಗಾಗಿ ಬಿಳಿಯ ಹತ್ತಿಯ ಹೊದಿಕೆ ನೇಯುತ್ತಾರೆ. ಜನಪದ ಕಥೆಗಳಲ್ಲಿ ಜೇಡಜ್ಜಿಯ ಮನೆ ನೆಲದ ಒಂದು ಸಣ್ಣ ತೂತು. ‘ಒಳಗೆ ಬಾ’ ಎಂದು ಕರೆದಾಗ, ಆ ತೂತಿನಲ್ಲಿ ತಾನು ಹಿಡಿಸುವುದೆಂತೆಂದು ನಾಯಕನು ಬೆರಗಾಗುತ್ತಾನೆ. ಹಿಮ್ಮಡಿಯಿಂದ ಒತ್ತಿದರೆ ತೂತು ಬಾಗಿಲಾಗುತ್ತದೆ. ಅಪಾಯದ ಕಡೆಗೆ ಅವನು ಹೊರಟಾಗ ಅಜ್ಜಿ ಪುಟ್ಟ ಜೇಡವಾಗಿ ಅವನ ಕಿವಿಯ ಹಿಂದೆ ಕುಳಿತು, ಯಾರಿಗೂ ಕೇಳದಂತೆ ಉಪಾಯ ಉಸುರುತ್ತಾಳೆ. ಹೋಪಿ ಮಕ್ಕಳೆಲ್ಲರೂ ಕೇಳಿ ಬೆಳೆಯುತ್ತಿದ್ದ ಕಥೆಗಳಿವು.

ಪ್ರತಿಯೊಂದು ಹಳ್ಳಿಯಲ್ಲಿಯೂ ನೆಲವನ್ನು ಅಗೆದು ಕಟ್ಟಿದ ಕೀವ ಎಂಬ ಕೋಣೆಗಳಿವೆ. ಅವುಗಳಿಗೆ ಗೋಡೆಯಲ್ಲಿ ಬಾಗಿಲಿಲ್ಲ. ಮಾಳಿಗೆಯ ಕಿಂಡಿಯಿಂದ ಏಣಿ ಇಳಿದು ಹೋಗಬೇಕು. ನೆಲದಲ್ಲಿ ಒಂದು ಕಿರಿದಾದ ಕುಳಿ. ಅದಕ್ಕೆ ಸಿಪಾಪು ಎಂದು ಹೆಸರು. ಮೊದಲು ಹೊರಬಂದ ಕಂಡಿಯ ಗುರುತು ಅದು. ವ್ರತಗಳು, ಮಂತ್ರಗಳು, ಬಾಲಕರಿಗೆ ದೀಕ್ಷೆ ಎಲ್ಲವೂ ಇಲ್ಲಿಯೇ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಕೀವದೊಳಗೆ ಬೆಂಕಿ ಉರಿಸಿ ಅವರೆಯ ಜಾತಿಯ ಕಾಳುಗಳನ್ನು ಮೊಳೆಯಿಸುತ್ತಾರೆ. ಹೊರಗೆ ಹಿಮ, ಒಳಗೆ ಹಸಿರು. ಹಬ್ಬವು ಮುಗಿದ ಮೇಲೆ ಏಣಿ ಹತ್ತಿ ಹೊರಬರುವ ಹೋಪಿಯು ಜೊಂಡಿನ ಹಾದಿಯನ್ನು ಮತ್ತೊಮ್ಮೆ ಹತ್ತಿದಂತೆಯೇ.

ಕುಲವು ಅವರಲ್ಲಿ ತಾಯಿಯ ಕಡೆಯಿಂದ ಬರುತ್ತದೆ. ಮನೆ ಹೆಣ್ಣಿನದು, ಗಂಡನು ಹೆಂಡತಿಯ ಮನೆಗೆ ಬಂದು ಬಾಳುತ್ತಾನೆ, ಮಕ್ಕಳನ್ನು ತಿದ್ದುವ ಅಧಿಕಾರ ಸೋದರಮಾವನದು. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಡಿ, ಜೇಡ, ಬೆಂಕಿ, ಕೊಯೋಟಿ ಎಂಬ ಕಾಡುನಾಯಿ ಮುಂತಾದವು ಕುಲಗಳ ಹೆಸರುಗಳು. ಒರೈಬಿಯಲ್ಲಿ ಯಜಮಾನಿಕೆ ಕರಡಿಯ ಕುಲದ್ದು. ಜೇಡನ ಕುಲ ಅದಕ್ಕೆ ಸೋದರ ಕುಲ. ದಾಯಾದಿಗಳ ನಡುವಣ ಮಾತ್ಸರ್ಯಕ್ಕೆ ದೇಶಭೇದವಿಲ್ಲವಷ್ಟೆ.

ಬಿಳಿಯಣ್ಣನ ಶಾಲೆ

ಹೊರಗಿನವರು ಬಂದು ‘ನಿಮ್ಮ ದೇವರನ್ನು ಬಿಡಿ’ ಎಂದುದು ಹೋಪಿಗಳಿಗೆ ಹೊಸದಲ್ಲ. ೧೫೪೦ರಲ್ಲಿಯೇ ಸ್ಪೇನಿನವರು ಕುದುರೆಗಳ ಮೇಲೆ ಬಂದಿದ್ದರು. ೧೬೨೯ರಲ್ಲಿ ಪಾದ್ರಿಗಳು ಬಂದು ಇಗರ್ಜಿಗಳನ್ನು ಕಟ್ಟಿಸಿದರು. ೧೬೮೦ರಲ್ಲಿ ಆ ಪ್ರದೇಶದ ಮೂಲನಿವಾಸಿಗಳೆಲ್ಲರೂ ಒಂದಾಗಿ ದಂಗೆಯೆದ್ದಾಗ ಹೋಪಿಗಳೂ ಪಾದ್ರಿಗಳನ್ನು ಕೊಂದು ಇಗರ್ಜಿಗಳನ್ನು ಕೆಡವಿದರು. ಇಷ್ಟು ಹೇಳಿ ನಿಲ್ಲಿಸಿದರೆ ಇದು ವೀರಗಾಥೆ. ಆದರೆ ಮುಂದಿನದು ಹಾಗಿಲ್ಲ. ೧೭೦೦ರಲ್ಲಿ ಅವಟೋವಿ ಎಂಬ ಹೋಪಿ ಊರು ಪಾದ್ರಿಗಳನ್ನು ಮತ್ತೆ ಬರಮಾಡಿಕೊಂಡಿತು. ಉಳಿದ ಹೋಪಿಗಳು ಒಂದು ಬೆಳಗಿನ ಜಾವ ಆ ಊರಿನ ಮೇಲೆ ಬಿದ್ದರು. ಗಂಡಸರು ಕೀವಗಳಲ್ಲಿದ್ದ ಹೊತ್ತು ನೋಡಿ ಏಣಿಗಳನ್ನು ಮೇಲಕ್ಕೆ ಎಳೆದುಕೊಂಡು, ಕಿಂಡಿಗಳಿಂದ ಬೆಂಕಿಯನ್ನೂ ಮೆಣಸಿನಕಾಯಿಯನ್ನೂ ಒಳಗೆ ಎಸೆದರು. ಹೆಂಗಸರನ್ನೂ ಮಕ್ಕಳನ್ನೂ ಹಂಚಿಕೊಂಡರು. ಅವಟೋವಿ ಮತ್ತೆ ಊರಾಗಲಿಲ್ಲ. ಊರ ದಾರಿ ತಪ್ಪಿತೆಂದು ನೊಂದ ಅಲ್ಲಿನ ಮುಖಂಡನೇ ಇದನ್ನು ಬೇಡಿದನೆಂದು ಹೋಪಿಗಳ ಐತಿಹ್ಯ. ಪರಂಪರೆಯ ರಕ್ಷಣೆಯೆಂಬುದು ಯಾವ ಮಟ್ಟಕ್ಕೆ ಇಳಿಯಬಲ್ಲದೆಂಬುದನ್ನು ಆ ಜನ ಅಂದೇ ಕಂಡಿದ್ದರು. ಅವರದು ಶಾಂತಿಪ್ರಿಯ ಜನಾಂಗವೆಂದು ಹೊಗಳುವ ಪುಸ್ತಕಗಳು ಈ ಪ್ರಸಂಗವನ್ನು ಸಾಧಾರಣವಾಗಿ ಮೆಲ್ಲನೆ ದಾಟಿಬಿಡುತ್ತವೆ.

ಸ್ಪೇನಿನವರು ಹೋದ ಮೇಲೆ ಅಮೆರಿಕನರು ಬಂದರು. ೧೮೮೨ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ನಕಾಶೆಯ ಮೇಲೆ ಒಂದು ಚೌಕ ಎಳೆದು, ಸುಮಾರು ೨೫ ಲಕ್ಷ ಎಕರೆ ಪ್ರದೇಶವನ್ನು ಹೋಪಿಗಳಿಗಾಗಿ ಕಾದಿರಿಸಿದನು. ೧೮೮೭ರಲ್ಲಿ ಕೀಮ್ಸ್ ಕ್ಯಾನ್ಯನ್ ಎಂಬಲ್ಲಿ ವಸತಿಶಾಲೆ ತೆರೆಯಿತು. ಶಾಲೆಯೆಂದರೆ ಅಕ್ಷರ ಕಲಿಸುವ ಮನೆಯೆಂದು ಮಾತ್ರ ತಿಳಿಯಬಾರದು. ಇಂಥ ಶಾಲೆಗಳ ಮೂಲಪುರುಷನಾದ ರಿಚರ್ಡ್ ಪ್ರಾಟ್ ಎಂಬ ಸೇನಾಧಿಕಾರಿಯು ೧೮೯೨ರಲ್ಲಿ ತನ್ನ ಧ್ಯೇಯವನ್ನು ಮುಚ್ಚುಮರೆಯಿಲ್ಲದೆ ಸಾರಿದ್ದನು: ಮೂಲನಿವಾಸಿಯೊಳಗಿನ ಮೂಲನಿವಾಸಿಯನ್ನು ಕೊಂದು, ಮನುಷ್ಯನನ್ನು ಉಳಿಸಬೇಕು. ಮಗು ಶಾಲೆಗೆ ಬಂದ ಕೂಡಲೆ ಅದರ ಜುಟ್ಟು ಕತ್ತರಿಗೆ ಆಹುತಿ, ಹೆಸರು ಬದಲು, ಬಟ್ಟೆ ಬದಲು, ತಾಯ್ನುಡಿ ಆಡಿದರೆ ಶಿಕ್ಷೆ. ಜೇಡಜ್ಜಿಯು ಕಿವಿಯಲ್ಲಿ ಉಸುರುತ್ತಿದ್ದ ಭಾಷೆಯೇ ಅಲ್ಲಿ ಅಪರಾಧವಾಯಿತು.

ಹೋಪಿಗಳಿಗೆ ಇದರಲ್ಲಿ ಇನ್ನೊಂದು ತೊಡಕಿತ್ತು. ಲೋಕದ ಆದಿಯಲ್ಲಿ ಹಿರಿಯ ಬಿಳಿಯಣ್ಣನೊಬ್ಬನು ಪೂರ್ವಕ್ಕೆ ಹೋದನೆಂದೂ, ಪವಿತ್ರ ಶಿಲೆಯೊಂದರ ಹೊಂದಿಕೆಯ ತುಂಡನ್ನು ತಂದು ತೋರಿಸಿ ಒಂದು ದಿನ ತಮ್ಮಂದಿರ ಕಷ್ಟ ಪರಿಹರಿಸುವನೆಂದೂ ಅವರ ನಂಬಿಕೆ. ಅವನ ಹೆಸರು ಬಹಾನ. ಈಗ ಬಂದಿರುವ ಅಮೆರಿಕನರೇ ಆ ಬಹಾನನೋ, ಅಥವಾ ವೇಷಧಾರಿಗಳೋ? ಹಿಂದಿರುಗಿ ನೋಡಿದರೆ ಈ ಪ್ರಶ್ನೆ ಸರಳವೆನಿಸಬಹುದು. ಒರೈಬಿಯ ಕಟ್ಟೆಗಳ ಮೇಲೆ ಇದಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರು.

ಒರೈಬಿಯ ಯಜಮಾನ, ಕರಡಿಯ ಕುಲದ ಲೊಲೊಲೋಮನು ಮೊದಲು ಬಿಳಿಯರಿಗೆ ವಿರೋಧಿಯೇ. ೧೮೯೦ರಲ್ಲಿ ಅವನನ್ನು ಇತರ ಮುಖಂಡರೊಡನೆ ವಾಷಿಂಗ್ಟನ್ ನಗರಕ್ಕೆ ಕರೆದೊಯ್ದರು. ರೈಲು, ಕಟ್ಟಡ, ಜನಸಾಗರ ಇವನ್ನೆಲ್ಲ ಕಂಡು ಬಂದ ಮೇಲೆ ಅವನ ಮನಸ್ಸು ತಿರುಗಿತು. ಶಾಲೆಗೆ ಮಕ್ಕಳನ್ನು ಕಳುಹಿಸೋಣವೆಂದನು. ಜೇಡನ ಕುಲದ ಲೊಮಾಹೊಂಗ್ಯೋಮನು ಕೂಡದೆಂದನು. ಊರು ಎರಡಾಯಿತು. ಸರ್ಕಾರದವರು ಒಂದು ಪಂಗಡಕ್ಕೆ ‘ಮಿತ್ರರು’, ಇನ್ನೊಂದಕ್ಕೆ ‘ಶತ್ರುಗಳು’ ಎಂದು ಹೆಸರಿಟ್ಟರು. ಶತ್ರುಗಳು ತಮ್ಮ ಯಜಮಾನನನ್ನೇ ಕೀವದೊಳಗೆ ಕೂಡಿಹಾಕಿದರು. ಸೈನಿಕರು ಬಂದು ಬಿಡಿಸಬೇಕಾಯಿತು. ಮರುವರ್ಷ ಸೈನ್ಯದ ತುಕಡಿ ಊರಿಗೆ ಬಂದಾಗ ಅದರೆದುರು ಬಂದು ನಿಂತವರು ಯುದ್ಧದೇವತೆಗಳ ವೇಷ ಧರಿಸಿದ ಹೋಪಿಗಳು. ಆ ವೀರ ಅವಳಿದೇವತೆಗಳು ಜೇಡಜ್ಜಿಯ ಮೊಮ್ಮಕ್ಕಳೆಂದು ಪ್ರತೀತಿ. ಬಂದೂಕು ಹಿಡಿದವರಿಗೆ ಇದು ಏನೆಂದು ಅರ್ಥವಾಗಿರಲಾರದು. ಶಾಸ್ತ್ರೋಕ್ತವಾಗಿ ಅದು ಯುದ್ಧಘೋಷಣೆ. ಗುಂಡು ಹಾರಲಿಲ್ಲ. ಸೈನ್ಯ ಅಂದು ಹಿಂದಿರುಗಿ, ಆಮೇಲೆ ಇನ್ನೂ ಹೆಚ್ಚಿನ ಬಲದೊಡನೆ ಬಂದಿತು.

೧೮೯೪ರ ಕೊನೆಯಲ್ಲಿ ಹತ್ತೊಂಬತ್ತು ಮಂದಿಯ ಬಂಧನವಾಯಿತು. ಆಲ್ಕಟ್ರಾಜಿನಲ್ಲಿ ಏಳು ತಿಂಗಳಿದ್ದು, ೧೮೯೫ರ ಆಗಸ್ಟಿನಲ್ಲಿ ಅವರು ಬಿಡುಗಡೆ ಹೊಂದಿ ಊರಿಗೆ ಬಂದರು. ಬಂದವರು ಮನಸ್ಸು ಬದಲಾಯಿಸಿರಲಿಲ್ಲ.

ನೆಲದ ಮೇಲೊಂದು ಗೆರೆ

ಇಬ್ಭಾಗವಾದ ಊರಿನಲ್ಲಿ ಹಬ್ಬಗಳೂ ಎರಡೆರಡಾದವು. ಒಬ್ಬರ ಕೀವಕ್ಕೆ ಇನ್ನೊಬ್ಬರು ಇಳಿಯುತ್ತಿರಲಿಲ್ಲ. ಲೊಲೊಲೋಮ ತೀರಿಕೊಂಡ ಮೇಲೆ ಅವನ ಸೋದರಳಿಯ ತೆವಾಕ್ವಾಪ್ತೆವ ಯಜಮಾನನಾದನು. ಎದುರು ಪಂಗಡದ ಮುಂದಾಳುತನ ಬೆಂಕಿಯ ಕುಲದ ಯುಕಿಯೋಮನ ಕೈಗೆ ಬಂದಿತು. ಮಾತಿನಲ್ಲಿ ಮಣಿಯುವ ಆಳಲ್ಲ ಈ ಯುಕಿಯೋಮ.

೧೯೦೬ರ ಸೆಪ್ಟೆಂಬರಿನಲ್ಲಿ ಹೊಡೆದಾಟ ಬಾಗಿಲಿಗೆ ಬಂದಿತು. ಕೊನೆಯ ಗಳಿಗೆಯಲ್ಲಿ ಒಂದು ಒಪ್ಪಂದವಾಯಿತು: ಆಯುಧ ಎತ್ತಕೂಡದು. ಯುಕಿಯೋಮನು ನೆಲದ ಮೇಲೆ ಒಂದು ಗೆರೆ ಎಳೆದನು. ತನ್ನನ್ನು ಆ ಗೆರೆಯಾಚೆಗೆ ತಳ್ಳಿದರೆ ತನ್ನವರೊಡನೆ ಊರು ಬಿಟ್ಟು ಹೋಗುವುದಾಗಿ ಹೇಳಿ ನಡುವೆ ನಿಂತನು. ಎರಡು ಕಡೆಯವರೂ ಅವನ ಎದೆಗೂ ಬೆನ್ನಿಗೂ ಕೈಕೊಟ್ಟು ತಳ್ಳಿದರು. ಜನರ ಒತ್ತಡದಲ್ಲಿ ಅವನು ಅತ್ತಿತ್ತ ತೂಗಾಡಿದನು, ಒಮ್ಮೊಮ್ಮೆ ಕಾಲು ನೆಲ ಬಿಟ್ಟಿತು, ಉಸಿರು ಸಿಕ್ಕಿಕೊಂಡಿತು. ಬಹಳ ಹೊತ್ತಿನ ಮೇಲೆ ಅವನ ದೇಹವು ಗೆರೆಯನ್ನು ದಾಟಿತು. ಕತ್ತಲಾಗುವ ಹೊತ್ತಿಗೆ ಸುಮಾರು ಮುನ್ನೂರು ಮಂದಿ, ಎಂದರೆ ಹೆಚ್ಚು ಕಡಮೆ ಊರಿನ ಅರ್ಧ ಜನ, ಹೊತ್ತಷ್ಟು ಹೊತ್ತುಕೊಂಡು ನಡೆದುಹೋದರು. ಕೆಲವು ಮೈಲಿಯಾಚೆ ಒಂದು ಚಿಲುಮೆಯ ಬಳಿ ಬೀಡುಬಿಟ್ಟರು. ಅದೇ ಹೊಟವಿಲ ಎಂಬ ಊರು. ಚಳಿಗಾಲ ಮುಂದಿತ್ತು, ಮನೆಯಿಲ್ಲ, ಕಣಜವಿಲ್ಲ. ಅಷ್ಟರಲ್ಲಿ ಸೈನಿಕರು ಬಂದು ಗಂಡಸರಲ್ಲಿ ಹಲವರನ್ನು ಸೆರೆಗೂ, ಮಕ್ಕಳನ್ನು ಶಾಲೆಗೂ ಎಳೆದೊಯ್ದರು.

ಒಂದು ಹನಿ ರಕ್ತ ಚೆಲ್ಲದೆ ಒಂದು ಊರು ಸೀಳಿಹೋದ ಪ್ರಸಂಗ ಇದು. ಅವಟೋವಿಯ ನೆನಪಿದ್ದ ಜನ ಗೆರೆಯೆಳೆದು ತಳ್ಳಾಡಿದುದು ಹುಡುಗಾಟವಲ್ಲ. ಆ ಗೆರೆಯ ಗುರುತು ಒರೈಬಿಯ ಬಳಿ ಬಂಡೆಯ ಮೇಲೆ ಇದೆ. ಅದರ ಪಕ್ಕದಲ್ಲಿ ತಾರೀಖಿನೊಡನೆ ಒಂದು ಒಕ್ಕಣೆಯನ್ನು ಕೆತ್ತಲಾಗಿದೆ. ಕೆತ್ತಿದವನು ಒಬ್ಬ ಹೋಪಿ ಯುವಕ. ಭಾಷೆ ಮಾತ್ರ ಶಾಲೆಯಲ್ಲಿ ಕಲಿತ ಇಂಗ್ಲಿಷು.

ಗೆದ್ದವರ ಪಾಡು ಏನಾಯಿತೆಂದರೆ, ಸರ್ಕಾರವು ತನ್ನ ‘ಮಿತ್ರ’ನಾದ ತೆವಾಕ್ವಾಪ್ತೆವನನ್ನೇ ಇಂಗ್ಲಿಷು ಕಲಿತು ಬರುವಂತೆ ಕ್ಯಾಲಿಫೋರ್ನಿಯದ ರಿವರ್‌ಸೈಡಿನಲ್ಲಿದ್ದ ಶೆರ್ಮನ್ ಶಾಲೆಗೆ ಅಟ್ಟಿತು. ಮಕ್ಕಳ ತಂದೆಯಾದವನು, ಊರ ಯಜಮಾನ, ಬೆಂಚಿನ ಮೇಲೆ ಕುಳಿತು ಅಕ್ಷರ ತಿದ್ದಬೇಕಾಯಿತು. ಕೆಲವು ವರ್ಷಗಳ ಮೇಲೆ ಹಿಂದಿರುಗಿದಾಗ ಅವನು ಮಿತ್ರನಾಗಿ ಉಳಿದಿರಲಿಲ್ಲ. ಕ್ರೈಸ್ತರಾದವರು ಹಳೆಯ ಊರಿನಲ್ಲಿ ಇರಕೂಡದೆಂದು ಕಟ್ಟಪ್ಪಣೆ ಮಾಡಿದನು. ಅವರು ದಿಣ್ಣೆಯಿಳಿದು ಬುಡದಲ್ಲಿ ನೆಲೆಸಿದರು. ಒರೈಬಿ ಬರಿದಾಗುತ್ತ ಹೋಯಿತು. ತೆವಾಕ್ವಾಪ್ತೆವ ಪಾಳುಮನೆಗಳ ನಡುವೆ ಮರದ ದೇವತಾಗೊಂಬೆಗಳನ್ನು ಕೆತ್ತುತ್ತ ಬಾಳಿ ೧೯೬೦ರಲ್ಲಿ ತೀರಿಕೊಂಡನು. ಇತ್ತ ಯುಕಿಯೋಮನು ಪದೇ ಪದೇ ಸೆರೆವಾಸ ಕಂಡು, ೧೯೧೧ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟ್ಯಾಫ್ಟನ ಎದುರಿನಲ್ಲಿಯೂ ತನ್ನ ಮಾತನ್ನೇ ಹೇಳಿ ಬಂದನು. ಜೇಡನ ಕುಲದವರೋ? ಲೊಮಾಹೊಂಗ್ಯೋಮನ ಸೋದರಳಿಯನೊಡನೆ ಒಂದು ಗುಂಪು ಮಕ್ಕಳನ್ನು ಶಾಲೆಗೆ ಕಳುಹಿಸುವುದಾಗಿ ಸರ್ಕಾರಕ್ಕೆ ಮಾತುಕೊಟ್ಟು ಒರೈಬಿಗೆ ಮರಳಿತು. ಊರಿನವರು ಮುಖ ಕೊಡಲಿಲ್ಲ. ೧೯೦೯ರಲ್ಲಿ ಮತ್ತೆ ಹೊರಟು ಬಾಕವಿ ಎಂಬ ಮೂರನೆಯ ಊರು ಕಟ್ಟಿಕೊಂಡರು. ಆಲ್ಕಟ್ರಾಜಿಗೆ ಹೋಗಿ ಬಂದವರ ಮನೆತನವೇ ಕೊನೆಗೆ ಎರಡು ಕಡೆಗೂ ಸಲ್ಲದೆ ನಡುವೆ ನಿಂತಿತು.

ಎರಡು ಮನೆಯ ಮಗಳು

ಈ ಗಲಭೆಗಳ ನಡುವೆ ಒರೈಬಿಯಲ್ಲಿ ಪೊಲಿಂಗೈಸಿ ಎಂಬ ಹುಡುಗಿ ಬೆಳೆಯುತ್ತಿದ್ದಳು. ಪೋಲೀಸರು ಮಕ್ಕಳನ್ನು ಹುಡುಕಿ ಬಂದಾಗ ತಾಯಿ ಅವಳನ್ನು ಅಡಗಿಸಿಡುತ್ತಿದ್ದಳು. ಅಕ್ಕ ಸಿಕ್ಕಿಬಿದ್ದಳು. ತಂಗಿಗೋ ಕುತೂಹಲ ತಡೆಯಲಿಲ್ಲ. ಯಾರೂ ಎಳೆಯದೆ, ಒಂದು ದಿನ ತಾನೇ ದಿಣ್ಣೆಯಿಳಿದು ಶಾಲೆಯ ಬಾಗಿಲಲ್ಲಿ ನಿಂತಳು. ಅಲ್ಲಿ ಮೈತೊಳೆದು, ಹೊಸ ಬಟ್ಟೆ ತೊಡಿಸಿದರು. ಮನೆಗೆ ಬಂದಾಗ ತಾಯಿಯ ಮುಖ ಬಾಡಿತು. ಹೋಪಿ ದಾರಿಯಿಂದ ಹೊರಗೆ ಹೆಜ್ಜೆಯಿಟ್ಟವಳು ಯಾರ ಬಲವಂತವೂ ಇಲ್ಲದೆ ಇಟ್ಟಳಲ್ಲಾ ಎಂಬುದೇ ತಾಯಿಯ ನೋವು.

೧೯೦೬ರಲ್ಲಿ ಮಕ್ಕಳ ಗುಂಪೊಂದು ಶೆರ್ಮನ್ ಶಾಲೆಗೆ ಹೊರಟಿತು. ತಂದೆತಾಯಿಗಳ ಒಪ್ಪಿಗೆ ಸಿಕ್ಕದ ಪೊಲಿಂಗೈಸಿ ಬಂಡಿಯಲ್ಲಿ ಅಡಗಿ ಕುಳಿತಳು. ಸಿಕ್ಕಿಬಿದ್ದಾಗ ಇಳಿಯಲೊಲ್ಲೆನೆಂದಳು. ಕೊನೆಗೆ ಹೆತ್ತವರು ಸೋತು ಒಪ್ಪಿಗೆಯಿತ್ತರು. ರಿವರ್‌ಸೈಡಿನಲ್ಲಿ ಕಿತ್ತಿಳೆ ತೋಟಗಳಿದ್ದವು, ಹಾಸಿಗೆಯ ಮಂಚಗಳಿದ್ದವು, ಹಾಡುಗಾರಿಕೆಯಿತ್ತು. ಕೆಲವು ವರ್ಷಗಳ ಮೇಲೆ ಊರಿಗೆ ಬಂದಾಗ ಹುಟ್ಟಿದ ಮನೆ ಅವಳ ಕಣ್ಣಿಗೆ ಬಡಕಲಾಗಿ ಕಂಡಿತು. ಮಂಚವೇಕಿಲ್ಲ, ಮೇಜೇಕಿಲ್ಲ, ನೆಲದ ಮೇಲೆ ಕುಳಿತು ಒಂದೇ ಬಟ್ಟಲಿಗೆ ಕೈಹಾಕಿ ಉಣ್ಣುವುದೇಕೆ ಎಂದು ತಕರಾರು ತೆಗೆದಳು. ಮಗಳಿಗಾಗಿ ಕಾದಿದ್ದವರ ಸಂಭ್ರಮವೆಲ್ಲ ಆ ಮಾತುಗಳಲ್ಲಿ ಆರಿಹೋಯಿತು. ಪಟ್ಟಣದ ಕಾಲೇಜಿನಿಂದ ಮೊದಲ ರಜೆಗೆ ಹಳ್ಳಿಗೆ ಬಂದ ಹುಡುಗರಿರುವ ಮನೆಗಳಲ್ಲಿ ಈ ದೃಶ್ಯ ಅಪರಿಚಿತವಾಗಿರಲಾರದು.

ಅವಳು ಕ್ರೈಸ್ತಧರ್ಮ ಪ್ರಚಾರದಲ್ಲಿ ಕೆಲವು ಕಾಲ ಕೈಯಾಡಿಸಿದಳು. ತನ್ನವರ ಮನೆಮನೆಗೆ ಹೋಗಿ ಅವರ ದೇವರು ಸುಳ್ಳೆಂದು ಹೇಳುವುದು ಅವಳಿಂದಾಗಲಿಲ್ಲ. ಬಿಳಿಯರ ನಡುವೆ ಅವಳು ಹೋಪಿ. ಹೋಪಿಗಳ ನಡುವೆ ಬಿಳಿಯರವಳು. ೧೯೨೪ರ ಸುಮಾರಿಗೆ ಹೊಟವಿಲದ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ‘ಶತ್ರು’ಗಳು ಕಟ್ಟಿದ ಊರು ಅದೇ.

ಇಂಗ್ಲಿಷಿನ ಒಂದಕ್ಷರ ಬಾರದ ಮಕ್ಕಳು ಎದುರಿಗೆ ಕುಳಿತಿದ್ದವು. ಪಠ್ಯಪುಸ್ತಕದಲ್ಲಿ ಮಕ್ಕಳು ಎಂದೂ ಕಾಣದ ದೇಶದ, ಎಂದೂ ಕಾಣದ ವಸ್ತುಗಳ ಕಥೆಗಳು. ಗಿಳಿಪಾಠ ಒಪ್ಪಿಸುವಾಗ ಅವುಗಳ ಕಣ್ಣಲ್ಲಿ ಬೆಳಕಿಲ್ಲದುದನ್ನು ಪೊಲಿಂಗೈಸಿ ಕಂಡಳು. ಪುಸ್ತಕ ಮಡಿಸಿಟ್ಟು, ಮಕ್ಕಳು ಮನೆಯಲ್ಲಿ ಕೇಳಿದ ಹೋಪಿ ಕಥೆಗಳನ್ನೂ ಹಾಡುಗಳನ್ನೂ ಎತ್ತಿಕೊಂಡು, ಅವುಗಳ ಮೂಲಕವೇ ಇಂಗ್ಲಿಷು ಕಲಿಸತೊಡಗಿದಳು. ಮಕ್ಕಳ ಬಾಯಿ ತೆರೆಯಿತು. ಆದರೆ ಅಧಿಕಾರಿಗಳು ಗದರಿಸಿದರು: ಯಾವುದನ್ನು ಮರೆಸಬೇಕೋ ಅದನ್ನೇ ಶಾಲೆಗೆ ತರುವುದೆ? ಹೋಪಿ ತಂದೆತಾಯಿಗಳೂ ಸಿಟ್ಟಾದರು. ಹೋಪಿ ಕಥೆಗಳನ್ನು ಕಲ್ಲಿನ ಮನೆಯಲ್ಲಿ ಅಜ್ಜಂದಿರು ಹೇಳುತ್ತಾರೆ, ಮಕ್ಕಳನ್ನು ಕಳುಹಿಸಿದುದು ಬಿಳಿಯರ ವಿದ್ಯೆಗೆ, ಅದನ್ನು ಕಲಿಸಿದರೆ ಸಾಕು ಎಂದರು. ಅವರ ಮಾತಿನಲ್ಲಿಯೂ ಹುರುಳಿತ್ತು ಎಂಬುದನ್ನು ಒಪ್ಪಬೇಕು. ಇಷ್ಟು ಬೆಲೆ ತೆತ್ತು ಪಡೆದ ವಿದ್ಯೆಯಲ್ಲಿ ಕಲಬೆರಕೆಯಾದೀತೆಂಬ ಭಯ ಅವರದು. ಪೊಲಿಂಗೈಸಿ ಅಳುಕಲಿಲ್ಲ. ೧೯೩೩ರ ಮೇಲೆ ವಾಷಿಂಗ್ಟನ್ನಿನ ನೀತಿಯೂ ಬದಲಾಯಿತು. ೧೯೪೧ರಲ್ಲಿ ಆರೆಗಾನಿನ ಚೆಮಾವ ಎಂಬಲ್ಲಿ ಸೇರಿದ ಉಪಾಧ್ಯಾಯರ ಎದುರು, ಹಿಂದೆ ಗದರಿಸಿಕೊಂಡ ಅದೇ ಪದ್ಧತಿಯನ್ನು ಮಾದರಿಯಾಗಿ ತೋರಿಸಿಕೊಡಲು ಸರ್ಕಾರವೇ ಆಕೆಯನ್ನು ಆರಿಸಿತು. ಆಕೆಯ ಆತ್ಮಕಥೆ ೧೯೬೪ರಲ್ಲಿ ಹೊರಬಂದಿತು. ನಿವೃತ್ತಿಯಾದ ಮೇಲೆ ಆಕೆ ಜೇಡಿಮಣ್ಣು ಕಲಸಿ ಮಡಕೆ ಮಾಡಲು ಕುಳಿತರು. ಮಡಕೆಗಳ ಮೈಮೇಲೆ ಉಬ್ಬಿ ಬಂದ ಜೋಳದ ತೆನೆ ಅವರ ಗುರುತಾಯಿತು. ೧೯೯೦ರಲ್ಲಿ ನಿಧನ ಹೊಂದಿದರು.

ಉಳಿದುದೆಷ್ಟು

ಹೋಪಿಗಳ ನೃತ್ಯಗಳನ್ನು ನಿಲ್ಲಿಸಬೇಕೆಂದು ೧೯೨೦ರ ದಶಕದಲ್ಲಿ ಸರ್ಕಾರ ಮಾಡಿದ ಪ್ರಯತ್ನ ಸಫಲವಾಗಲಿಲ್ಲ. ಒರೈಬಿಯಲ್ಲಿ ೧೯೦೧ರಲ್ಲಿ ಕಟ್ಟಿದ ಇಗರ್ಜಿಗೆ ೧೯೪೨ರಲ್ಲಿ ಸಿಡಿಲು ಬಡಿದು ಬರಿಯ ಗೋಡೆಗಳು ನಿಂತವು. ಕೀವಗಳ ಏಣಿಗಳು ಮಾತ್ರ ಆಕಾಶದತ್ತ ಚಾಚಿಕೊಂಡೇ ಇವೆ. ಆದರೆ ಸೈನ್ಯಕ್ಕೂ ಪಾದ್ರಿಗಳಿಗೂ ಆಗದ ಕೆಲಸವನ್ನು ರಸ್ತೆ, ಸಂಬಳ, ರೇಡಿಯೋ, ಟೆಲಿವಿಷನ್‌ಗಳು ಸದ್ದಿಲ್ಲದೆ ಮಾಡಿದವು. ೧೯೯೮ರಲ್ಲಿ ಇನ್ನೂರು ಮಂದಿ ಹೋಪಿಗಳನ್ನು ಕೇಳಿ ನೋಡಿದಾಗ, ಅರುವತ್ತು ದಾಟಿದವರೆಲ್ಲರೂ ತಾಯ್ನುಡಿಯನ್ನು ಸರಾಗವಾಗಿ ಆಡುತ್ತಿದ್ದರು. ಇಪ್ಪತ್ತರಿಂದ ನಲವತ್ತರೊಳಗಿನವರಲ್ಲಿ ಅರ್ಧದಷ್ಟು ಮಂದಿ. ಇಪ್ಪತ್ತಕ್ಕಿಂತ ಕಿರಿಯರಲ್ಲಿ ನೂರಕ್ಕೆ ಐವರು. ಅದೇ ವರ್ಷ ಸುಮಾರು ಮೂವತ್ತು ಸಾವಿರ ಪದಗಳ ಹೋಪಿ ನಿಘಂಟು ಅಚ್ಚಾಯಿತು. ಪ್ರಕಟವಾಗುವ ಮುನ್ನ ಅದಕ್ಕೂ ಹೋಪಿಗಳಲ್ಲಿ ವಿರೋಧ ಹುಟ್ಟಿತ್ತು. ನುಡಿಯನ್ನು ಹಣಕ್ಕೆ ಮಾರಿ ಹೊರಗಿನವರ ಕೈಗೆ ಕೊಡುವುದು ಸಲ್ಲದೆಂಬುದು ಕೆಲವರ ವಾದ. ಆ ಜನಕ್ಕೆ ಗೋಪ್ಯವೆಂಬುದು ಜಿಪುಣತನವಲ್ಲ. ೨೦೧೩ರಲ್ಲಿ ಅವರ ಪವಿತ್ರ ಮುಖವಾಡಗಳನ್ನು ಪ್ಯಾರಿಸ್ಸಿನಲ್ಲಿ ಹರಾಜು ಹಾಕಿದಾಗ ನ್ಯಾಯಾಲಯವು ತಡೆಯಲಿಲ್ಲ. ಅದೇ ವರ್ಷದ ಡಿಸೆಂಬರಿನ ಹರಾಜಿನಲ್ಲಿ ಅಮೆರಿಕದ ಅನೆನ್‌ಬರ್ಗ್ ಪ್ರತಿಷ್ಠಾನವು ಇಪ್ಪತ್ತನಾಲ್ಕು ವಸ್ತುಗಳನ್ನು ಗುಟ್ಟಾಗಿ ಕೊಂಡಿತು. ಅವುಗಳಲ್ಲಿ ಇಪ್ಪತ್ತೊಂದು ಹೋಪಿಗಳವು. ೫,೩೦,೦೦೦ ಡಾಲರು ತೆತ್ತು ಕೊಂಡುದು ಮನೆಗೆ ಮರಳಿಸುವುದಕ್ಕಾಗಿ.

ಈ ಕಥೆಯಲ್ಲಿ ಇನ್ನೊಬ್ಬನನ್ನು ಹೇಳದಿದ್ದರೆ ಲೋಪವಾದೀತು. ಶುಂಗೋಪವಿಯ ಲೂಯಿ ತೆವಾನಿಮ ಹುಡುಗನಾಗಿದ್ದಾಗ, ರೈಲು ಹೋಗುವುದನ್ನು ನೋಡುವ ಆಸೆಗೆ ಅರುವತ್ತು ಮೈಲಿಗೂ ಹೆಚ್ಚು ದೂರದ ವಿನ್ಸ್‌ಲೊ ಪಟ್ಟಣಕ್ಕೆ ಓಡಿಹೋಗಿ, ನೋಡಿ, ಓಡಿಕೊಂಡೇ ಬರುತ್ತಿದ್ದನಂತೆ. ೧೯೦೬ರ ಗಲಭೆಯಲ್ಲಿ ‘ಶತ್ರು’ಗಳ ಪಂಗಡದವನೆಂದು ಹಿಡಿದು, ಮರುವರ್ಷದ ಜನವರಿಯಲ್ಲಿ ಅವನನ್ನು ದೇಶದ ಇನ್ನೊಂದು ತುದಿಯ ಕಾರ್ಲೈಲ್ ಶಾಲೆಗೆ ಕಳುಹಿಸಿದರು. ಅದು ಪ್ರಾಟನು ಸ್ಥಾಪಿಸಿದ ಶಾಲೆಯೇ. ಅಲ್ಲಿ ಅವನ ಓಟ ಕಂಡವರು ಬೆರಗಾದರು. ಸೆರೆಯಾಳಿನಂತೆ ಬಂದವನು ೧೯೦೮ರಲ್ಲಿ ಲಂಡನ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಅಮೆರಿಕದ ಪರವಾಗಿ ಓಡಿ ಒಂಬತ್ತನೆಯವನಾದನು. ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಹತ್ತು ಸಾವಿರ ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಗೆದ್ದನು. ೧೯೬೪ರಲ್ಲಿ ಬಿಲ್ಲಿ ಮಿಲ್ಸ್ ಎಂಬ ಇನ್ನೊಬ್ಬ ಮೂಲನಿವಾಸಿ ಓಡುವವರೆಗೆ, ಆ ಓಟದಲ್ಲಿ ಒಲಿಂಪಿಕ್ಸ್ ಪದಕ ಗೆದ್ದ ಬೇರೆ ಅಮೆರಿಕನ್ನನಿರಲಿಲ್ಲ.

ಪದಕ ತಂದ ವರ್ಷವೇ ಅವನು ಶಾಲೆಯನ್ನು ಬಿಟ್ಟು ಶುಂಗೋಪವಿಗೆ ನಡೆದನು. ಕುರಿ ಕಾಯ್ದನು, ಜೋಳ ಬೆಳೆದನು, ವ್ರತಗಳಲ್ಲಿ ಪುರೋಹಿತನಾದನು. ೧೯೫೪ರಲ್ಲಿ ನ್ಯೂಯಾರ್ಕಿಗೆ ಕರೆಸಿ ಸನ್ಮಾನ ಮಾಡಿದರು; ಮಾಡಿಸಿಕೊಂಡು ಊರಿಗೆ ಬಂದನು. ೧೯೬೯ರ ಜನವರಿ ೧೮ರ ರಾತ್ರಿ, ಎಂಬತ್ತರ ಆಸುಪಾಸಿನ ಆ ಮುದುಕನು ಧಾರ್ಮಿಕ ವಿಧಿಯೊಂದನ್ನು ಮುಗಿಸಿಕೊಂಡು ಕತ್ತಲೆಯಲ್ಲಿ ಮನೆಗೆ ಹೊರಟಿದ್ದನು. ದಿಣ್ಣೆಯ ಅಂಚಿನಲ್ಲಿ ದಾರಿ ತಪ್ಪಿ ಕೆಳಗೆ ಬಿದ್ದು ತೀರಿಕೊಂಡನು. ೧೯೭೪ರಿಂದ ಅವನ ಹೆಸರಿನಲ್ಲಿ ಆ ದಿಣ್ಣೆಯ ಮೇಲೆ ಓಟದ ಪಂದ್ಯ ನಡೆದು ಬಂದಿದೆ.